ಕಾಲು ತೆಗೆಯುವ ಮೊದಲು ಬಣ್ಣ ಮತ್ತು ಬೆಳಕಿನ ಚಿಕಿತ್ಸೆಯನ್ನೂ ಪರೀಕ್ಷಿಸಿ ನೋಡಿ: ಮೈಸೂರು, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜುಗಳ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರೇ, ನಮಸ್ಕಾರ.

ನಾನು ಮೈಸೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಊರು ಪಾಂಡವಪುರ ತಾಲ್ಲೂಕು. ಹನ್ನೊಂದು ವರ್ಷದಿಂದ ಜನರ ಕೀವು, ಮೂತ್ರ, ಕಫ ಕಲ್ಚರ್‌ಗೆ ಹಾಕಿ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಅಂತ ರಿಪೋರ್ಟ್ ಬರೆಯುವುದೇ ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ನಿಮಗೆ ಪಾಠ ಹೇಳುವಷ್ಟು ಓದಿದವಳೂ ಅಲ್ಲ. ಒಂದು ಕೋರಿಕೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಿ ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಸೇರಿಕೊಂಡಾಗ, ಹುಣ್ಣಿಗೆ ಬಣ್ಣ ಹಚ್ಚಿ ಅದರ ಮೇಲೆ ಬೆಳಕು ಬಿಟ್ಟು ಬ್ಯಾಕ್ಟೀರಿಯಾ ಕೊಲ್ಲುವ ಒಂದು ಚಿಕಿತ್ಸೆ ಇದೆ. ಅದನ್ನು ನಿಮ್ಮ ಎರಡೂ ಆಸ್ಪತ್ರೆಗಳ ವಾರ್ಡುಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷೆ ಮಾಡಿ ನೋಡಿ.

ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ಮನೆಯ ಕಥೆಯನ್ನೇ ಹೇಳಬೇಕು.

ಎರಡು ವರ್ಷದ ಹಿಂದೆ ಕಬ್ಬು ಕಡಿದ ಗದ್ದೆಯಲ್ಲಿ ಓಡಾಡುವಾಗ ಅಪ್ಪನ ಬಲಗಾಲಿಗೆ ಕೂಳೆ ಚುಚ್ಚಿತು. ಅಪ್ಪನಿಗೆ ಶುಗರ್ ಬಂದು ಹದಿನೈದು ವರ್ಷ ಆಗಿತ್ತು, ಪಾದದಲ್ಲಿ ಸ್ಪರ್ಶವೇ ಇರಲಿಲ್ಲ. ಸಂಜೆ ಜಗಲಿ ಮೇಲೆ ರಕ್ತದ ಹೆಜ್ಜೆ ನೋಡಿ ಅವ್ವ ಕೂಗಿಕೊಂಡಾಗಲೇ ಅಪ್ಪನಿಗೆ ಕಾಲಿಗೆ ಏನೋ ಆಗಿದೆ ಅಂತ ಗೊತ್ತಾಗಿದ್ದು. ಊರಿನ ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಐದು ಮಾತ್ರೆ ಕೊಟ್ಟರು. ಮೂರು ನುಂಗಿದ ಮೇಲೆ ನೀರು ಸೋರುವುದು ನಿಂತಿತು, ಉಳಿದೆರಡು ಕಿಟಕಿಯಲ್ಲೇ ಉಳಿದವು. ನಾನು ಮೈಸೂರಿನಲ್ಲಿದ್ದೆ, ಫೋನಿನಲ್ಲಿ 'ವಾಸಿ ಆಯ್ತಮ್ಮ' ಅಂದರು, ನಂಬಿದೆ. ಹದಿನೈದು ದಿನಕ್ಕೆ ಪಾದ ಊದಿಕೊಂಡಿತು. ಆಮೇಲೆ ಒಂದು ಖಾಸಗಿ ಆಸ್ಪತ್ರೆ. ಅಲ್ಲಿ ಮೂರು ಸಲ ಇಂಜೆಕ್ಷನ್ ಬದಲಾಯಿಸಿದರು, ಒಂದು ಸಲವೂ ಕಲ್ಚರ್ ಕಳಿಸಲಿಲ್ಲ. ಕೊನೆಗೆ ನಾನೇ ಹಠ ಮಾಡಿ ಕೀವು ತೆಗೆಸಿಕೊಂಡು, ಕೀವು ಅದ್ದಿದ ಹತ್ತಿ ಕಡ್ಡಿ (ಸ್ವಾಬ್) ಹಿಡಿದುಕೊಂಡು ಬಸ್ಸಿನಲ್ಲಿ ಮೈಸೂರಿಗೆ ಬಂದು ನನ್ನದೇ ಬೆಂಚಿನ ಮೇಲೆ ಹಾಕಿದೆ.

ಸೆನ್ಸಿಟಿವಿಟಿ ಪ್ಲೇಟ್ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಅಂಗೈ ಅಗಲದ ತಟ್ಟೆ, ಒಳಗೆ ಜೆಲ್ಲಿಯಂಥ ಆಹಾರ, ಅದರ ಮೇಲೆ ರೋಗಿಯ ಬ್ಯಾಕ್ಟೀರಿಯಾ ಸವರಿರುತ್ತೇವೆ. ಮೇಲೆ ಕುಂಕುಮದ ಬೊಟ್ಟಿನಷ್ಟು ಸಣ್ಣ ಬಿಳಿ ಕಾಗದದ ಬಿಲ್ಲೆ ಇಡುತ್ತೇವೆ, ಒಂದೊಂದರಲ್ಲೂ ಒಂದೊಂದು ಆಂಟಿಬಯೋಟಿಕ್. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಕಾಣುತ್ತದೆ. ಅವತ್ತು ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ, ಕಳಿತ ದ್ರಾಕ್ಷಿಯಂಥ ಆ ಸಿಹಿ ವಾಸನೆ ಬಂತು. ಕಲ್ಚರ್ ಕೆಲಸ ಮಾಡಿದವರಿಗೆ ಅದು ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಅಂತ ಮೂಗೇ ಹೇಳುತ್ತದೆ. ತಟ್ಟೆ ಹಸಿರಿಗೆ ತಿರುಗಿತ್ತು. ಸಿಪ್ರೊಫ್ಲಾಕ್ಸಸಿನ್, ಸೆಫ್ಟಾಜಿಡೈಮ್, ಅಮಿಕಾಸಿನ್, ಮೆರೊಪೆನೆಮ್... ಗರಿಕೆ ಹುಲ್ಲು ಕಲ್ಲಿನ ಬುಡದವರೆಗೂ ಹಬ್ಬಿಕೊಳ್ಳುವ ಹಾಗೆ ಬ್ಯಾಕ್ಟೀರಿಯಾ ಪ್ರತಿ ಬಿಲ್ಲೆಯ ಅಂಚಿನವರೆಗೂ ಬೆಳೆದಿತ್ತು. ಒಂದು ಉಂಗುರವೂ ಇರಲಿಲ್ಲ. ಸ್ಕೇಲ್ ಹಿಡಿದುಕೊಂಡು ಅಳೆಯುವುದಕ್ಕೆ ಏನೂ ಇಲ್ಲದ ತಟ್ಟೆ ಅದು. ಅಂಥ ತಟ್ಟೆ ನನಗೆ ಹೊಸದಲ್ಲ, ಆದರೆ ಮೇಲೆ ಬರೆದಿದ್ದ ಹೆಸರು ನನ್ನ ಅಪ್ಪನದು.

ಉಳಿದಿದ್ದು ಕೊಲಿಸ್ಟಿನ್ ಅನ್ನುವ ಕೊನೆಯ ಆಂಟಿಬಯೋಟಿಕ್. ಅದು ಕಿಡ್ನಿಗೆ ಕೆಟ್ಟದ್ದು, ಅಪ್ಪನ ಕಿಡ್ನಿ ಆಗಲೇ ಸೋತಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಬೆಳಕಿನ ಚಿಕಿತ್ಸೆ ಇದ್ದಿದ್ದರೆ ಅಪ್ಪನ ಕಾಲು ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಕೀವು ಮೂಳೆಗೆ ಇಳಿದಿತ್ತು, ಕಾಲಿಗೆ ರಕ್ತದ ಓಡಾಟವೂ ಕಮ್ಮಿ ಇತ್ತು. ನನ್ನ ಸಂಕಟ ಬೇರೆ. ಮಾತ್ರೆ, ಇಂಜೆಕ್ಷನ್ ಮುಗಿದ ಮೇಲೆ ಗರಗಸಕ್ಕೆ ಮೊದಲು ಪ್ರಯತ್ನಿಸಿ ನೋಡಬಹುದಾದ ಇನ್ನೊಂದು ಮೆಟ್ಟಿಲೇ ನಮ್ಮಲ್ಲಿ ಇರಲಿಲ್ಲ. ಆ ಮೆಟ್ಟಿಲು ಬೇರೆ ಕಡೆ ಇದೆ ಅಂತ ಆಮೇಲೆ ಓದಿ ತಿಳಿದುಕೊಂಡೆ.

ಈ ವಿದ್ಯೆ ಆಂಟಿಬಯೋಟಿಕ್‌ಗಿಂತ ಹಳೆಯದು ಅಂದರೆ ನಂಬುತ್ತೀರಾ? ನಿಮಗೆ ಗೊತ್ತಿರುತ್ತದೆ, ಈ ಪತ್ರ ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನುವ ವೈದ್ಯ ವಿದ್ಯಾರ್ಥಿ, ಹರ್ಮನ್ ಫಾನ್ ಟಾಪೈನರ್ ಅವರ ಕೈಕೆಳಗೆ, ಅಕ್ರಿಡಿನ್ ಅನ್ನುವ ಬಣ್ಣ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗೆ ಎಷ್ಟು ವಿಷ ಅಂತ ಅಳೆಯುತ್ತಿದ್ದ. ಒಂದು ದಿನ ಬೇಗ ಸಾಯುತ್ತಿದ್ದವು, ಇನ್ನೊಂದು ದಿನ ನಿಧಾನ. ಬಣ್ಣ ಅದೇ, ಪ್ರಮಾಣ ಅದೇ. ವ್ಯತ್ಯಾಸ ಇದ್ದದ್ದು ಕೋಣೆಯ ಬೆಳಕಿನಲ್ಲಿ. ಕತ್ತಲಲ್ಲಿ ಆ ಬಣ್ಣ ಸಾಧು, ಬೆಳಕು ಬಿದ್ದರೆ ಕೊಲ್ಲುತ್ತದೆ. ಇದನ್ನು ಅವನು ಪ್ರಕಟಿಸಿದ್ದು 1900ರಲ್ಲಿ. ಪೆನಿಸಿಲಿನ್ ಫ್ಲೆಮಿಂಗ್ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಬೆಳಕಿನಿಂದ ಚರ್ಮದ ಕ್ಷಯ ವಾಸಿ ಮಾಡಿದ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಬಂತು. ಆಮೇಲೆ 1940ರ ದಶಕದಲ್ಲಿ ಪೆನಿಸಿಲಿನ್ ಎಲ್ಲರ ಕೈಗೆ ಸಿಕ್ಕಿತು, ಬೆಳಕಿನ ದಾರಿಯನ್ನು ಜಗತ್ತು ಹೆಚ್ಚು ಕಮ್ಮಿ ಮರೆತೇಬಿಟ್ಟಿತು. ಈಗ ಪೆನಿಸಿಲಿನ್‌ನ ಮೊಮ್ಮಕ್ಕಳೂ ಸೋಲುತ್ತಿರುವಾಗ ಮತ್ತೆ ನೆನಪಾಗುತ್ತಿದೆ.

ಇದು ಕೆಲಸ ಮಾಡುವ ಬಗೆ ಸರಳ. ಬಣ್ಣ ಬೆಳಕನ್ನು ಕುಡಿಯುತ್ತದೆ. ಕುಡಿದ ಶಕ್ತಿಯನ್ನು ಪಕ್ಕದಲ್ಲೇ ಇರುವ ಆಮ್ಲಜನಕಕ್ಕೆ ದಾಟಿಸುತ್ತದೆ. ನಾವು ಉಸಿರಾಡುವ ಅದೇ ಆಮ್ಲಜನಕ ಆಗ ಸಿಂಗ್ಲೆಟ್ ಆಕ್ಸಿಜನ್ ಅನ್ನುವ ಉಗ್ರ ರೂಪಕ್ಕೆ ತಿರುಗಿ, ಎದುರಿಗೆ ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ನೀರಿನಲ್ಲಿ ಅದರ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದ ಕೆಲವೇ ಪಾಲು. ಅಷ್ಟರಲ್ಲಿ ಅದು ಒಂದು ಬ್ಯಾಕ್ಟೀರಿಯಾದ ಉದ್ದದಷ್ಟು ದೂರವೂ ಹೋಗಲಾರದು. ಹಾಗಾಗಿ ಬಣ್ಣ ಎಲ್ಲಿ ಅಂಟಿಕೊಂಡಿದೆಯೋ ಅಲ್ಲೇ ಹೊಡೆತ. ಬ್ಯಾಕ್ಟೀರಿಯಾದ ಮೈ ಋಣ ವಿದ್ಯುತ್ತಿನದು, ಈ ಚಿಕಿತ್ಸೆಗೆ ಬಳಸುವ ಮಿಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಧನ ವಿದ್ಯುತ್ತಿನದು, ಅದಕ್ಕೇ ಎರಡೂ ಚೆನ್ನಾಗಿ ಅಂಟಿಕೊಳ್ಳುತ್ತವೆ. ಅದಕ್ಕೆ ಬೇಕಾದದ್ದು 660 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು. ಇವತ್ತು ಎಲ್‌ಇಡಿ ಬಲ್ಬಿನಲ್ಲೇ ಸಿಗುತ್ತದೆ.

ಬೆಳಕು ಔಷಧಿ ಆಗುವುದು ನಮ್ಮ ಜನಕ್ಕೆ ವಿಚಿತ್ರವೂ ಅಲ್ಲ. ಹುಟ್ಟಿದ ಮಗುವಿಗೆ ಕಾಮಾಲೆ ಕಂಡರೆ 'ಲೈಟಿಗೆ ಇಟ್ಟಿದ್ದಾರೆ' ಅಂತ ಹೇಳದ ಅಜ್ಜಿ ಮಂಡ್ಯ ಜಿಲ್ಲೆಯಲ್ಲಿ ಇಲ್ಲ, ಅಲ್ವಾ?

ಇನ್ನು ಮುಖ್ಯ ಪ್ರಶ್ನೆ. ಆಂಟಿಬಯೋಟಿಕ್‌ಗೆ ಬಗ್ಗದ್ದು ಇದಕ್ಕೆ ಹೇಗೆ ಬಗ್ಗುತ್ತದೆ? ನಮ್ಮ ಕಡೆ ಕೆರೆ ಏರಿ ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ಒಂದು ಆಂಟಿಬಯೋಟಿಕ್ ಅಂದರೆ ಏರಿಯಲ್ಲಿ ಒಂದೇ ಕಡೆ ತೂತು ಕೊರೆದ ಹಾಗೆ. ಬ್ಯಾಕ್ಟೀರಿಯಾ ಅಲ್ಲಿಗೆ ಮಣ್ಣು ಹಾಕಿ ಮುಚ್ಚುವುದನ್ನು ಕಲಿಯುತ್ತದೆ, ಕಲಿತದ್ದನ್ನು ಪಕ್ಕದವಕ್ಕೂ ದಾಟಿಸುತ್ತದೆ. ಬೆಳಕಿನ ಹೊಡೆತದಲ್ಲಿ ಏರಿ ಒಂದೇ ಕ್ಷಣಕ್ಕೆ ನೂರು ಕಡೆ ಒಡೆಯುತ್ತದೆ. ಹೊರಪೊರೆ, ಪ್ರೋಟೀನು, ಡಿಎನ್‌ಎ ಎಲ್ಲಕ್ಕೂ ಪೆಟ್ಟು. ಯಾವ ಬಿರುಕಿಗೆ ಅಂತ ಮಣ್ಣು ಹಾಕುತ್ತದೆ? ಹಾಗಾಗಿ ಔಷಧಿ ನಿರೋಧ ಇರುವ ಬ್ಯಾಕ್ಟೀರಿಯಾ, ಇಲ್ಲದ ಬ್ಯಾಕ್ಟೀರಿಯಾ ಎರಡೂ ಇದಕ್ಕೆ ಸುಮಾರು ಒಂದೇ ರೀತಿ ಸಾಯುತ್ತವೆ.

ಮಿಥಿಲೀನ್ ಬ್ಲೂ ನನ್ನ ಬೆಂಚಿನ ಮೇಲೇ ಇದೆ. ಮೊದಲು ತಯಾರಾದದ್ದು 1876ರಲ್ಲಿ, ಬಟ್ಟೆಗೆ ಹಾಕುವ ಬಣ್ಣವಾಗಿ. 1891ರಲ್ಲಿ ಪಾಲ್ ಎರ್ಲಿಚ್ ಇದನ್ನು ಮಲೇರಿಯಾಕ್ಕೆ ಕೊಟ್ಟು ನೋಡಿದರು. ಒಂದು ಹನಿ ಕೈಗೆ ತಾಗಿದರೆ ಎರಡು ದಿನ ಉಗುರು ನೀಲಿ. ಇಷ್ಟು ವರ್ಷ ಈ ಬಾಟಲಿಯಿಂದ ಸ್ಲೈಡಿಗೆ ಬಣ್ಣ ಹಾಕಿದ್ದೇನೆ, ಇದಕ್ಕೆ ಇನ್ನೊಂದು ಗುಣ ಇದೆ ಅಂತ ಗೊತ್ತಿರಲಿಲ್ಲ. ನಮ್ಮ ಅರಿಶಿನದ ಕರ್ಕ್ಯುಮಿನ್ ಕೂಡ ಇದೇ ಜಾತಿಗೆ ಸೇರಿದ್ದು, ಅದಕ್ಕೆ ನೀಲಿ ಬೆಳಕು ಬೇಕು. ಪಕ್ಕದ ಚಾಮರಾಜನಗರದಲ್ಲಿ ಅರಿಶಿನ ಬೆಳೆಯುತ್ತಾರೆ, ಆಹಾರ ಸಂಶೋಧನೆಗೆ ಸಿಎಫ್‌ಟಿಆರ್‌ಐ ನಮ್ಮ ಮೈಸೂರಿನಲ್ಲೇ 1950ರಿಂದ ಇದೆ. ಬೆಳಕಿಗೆ ಬದಲಾಗುವ ರಸಾಯನ ಈ ಊರಿಗೆ ಹೊಸದೂ ಅಲ್ಲ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಕೊಡುತ್ತಿದೆ. ಮತ ಹಾಕಿದ ಬೆರಳಿನ ಮೇಲೆ ಆ ಶಾಯಿ ಕಪ್ಪಾಗುವುದು ಅದರೊಳಗಿನ ಸಿಲ್ವರ್ ನೈಟ್ರೇಟ್ ಮೇಲೆ ಬೆಳಕು ಬಿದ್ದಾಗ. ಆ ಕ್ರಿಯೆ ಬೇರೆ, ಈ ಕ್ರಿಯೆ ಬೇರೆ, ನಿಜ. ಆದರೆ ಬಣ್ಣ, ಬೆಳಕು, ರಸಾಯನ ಬಲ್ಲ ಜನ ನಮ್ಮೂರಲ್ಲೇ ಇದ್ದಾರೆ ಅನ್ನುವುದು ಮುಖ್ಯ.

ಇದು ಬರೀ ಲ್ಯಾಬಿನ ಮಾತಾ? ಅಲ್ಲ. ಕೆನಡಾದ ವ್ಯಾಂಕೂವರ್ ಜನರಲ್ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್‌ಗೆ ಮೊದಲು ರೋಗಿಯ ಮೂಗಿನ ಹೊಳ್ಳೆಗೆ ಮಿಥಿಲೀನ್ ಬ್ಲೂ ಸವರಿ, ಕೆಲವು ನಿಮಿಷ ಕೆಂಪು ಬೆಳಕು ಬಿಡುತ್ತಾರೆ. ಗಾಯ ಕೀವು ಮಾಡುವ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ ಅಡಗಿಕೊಳ್ಳುವುದು ಅಲ್ಲೇ ತಾನೇ. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕದಿಂದ ಮೈ ಒರೆಸುತ್ತಾರೆ. ಮೂರು ಸಾವಿರಕ್ಕೂ ಜಾಸ್ತಿ ರೋಗಿಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಆಪರೇಷನ್ ಗಾಯ ಕೀವಾಗುವುದು 100ಕ್ಕೆ 2.7ರಿಂದ 1.6ಕ್ಕೆ ಇಳಿದಿತ್ತು. ಹೋಲಿಸಿದ್ದು ಹಿಂದಿನ ವರ್ಷಗಳ ರೋಗಿಗಳ ಜೊತೆ, ಅಷ್ಟರ ಮಟ್ಟಿಗೆ ಅದನ್ನು ಎಚ್ಚರದಿಂದ ಓದಬೇಕು.

ನನ್ನ ಮನಸ್ಸು ಹಿಡಿದದ್ದು ಬ್ರೆಜಿಲ್‌ನ ಕೆಲಸ. ಅದೂ 2014ರದ್ದೇ. ಅಲ್ಲಿ ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತು ಮೂಳೆಗೆ ಸೋಂಕು ಇಳಿದಿದ್ದ 18 ಜನಕ್ಕೆ ಬಣ್ಣ ಮತ್ತು ಬೆಳಕಿನ ಚಿಕಿತ್ಸೆ ಕೊಟ್ಟರು, ಆಂಟಿಬಯೋಟಿಕ್ ಜೊತೆಗೇ. ಅವರಲ್ಲಿ ಒಬ್ಬರಿಗೆ ಮಾತ್ರ ಕತ್ತರಿಸಬೇಕಾಯಿತು. ಈ ಚಿಕಿತ್ಸೆ ಸಿಗದ 16 ಜನರಲ್ಲಿ ಅಷ್ಟೂ ಜನಕ್ಕೆ ಕತ್ತರಿಸಬೇಕಾಯಿತು. ಆ ಸಾಲನ್ನು ನಾನು ರಾತ್ರಿ ಹನ್ನೊಂದು ಗಂಟೆಗೆ ಓದಿದೆ. ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದರು, ಊರುಗೋಲು ಗೋಡೆಗೆ ಒರಗಿಸಿತ್ತು. ಗುಂಪು ತುಂಬಾ ಚಿಕ್ಕದು, ಇದೊಂದನ್ನೇ ನಂಬಿ ಚಿಕಿತ್ಸೆ ಶುರು ಮಾಡಿ ಅಂತ ಯಾರೂ ಹೇಳಬಾರದು, ನಾನೂ ಹೇಳುತ್ತಿಲ್ಲ. ಆದರೆ ದೊಡ್ಡದಾಗಿ, ನ್ಯಾಯವಾಗಿ ಪರೀಕ್ಷೆ ಮಾಡಿ ನೋಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾ?

ಇದರ ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಜನಕ್ಕೆ ಸುಮ್ನೆ ಆಸೆ ಹುಟ್ಟಿಸಿದ ಹಾಗೆ ಆಗುತ್ತದೆ. ಬೆಳಕು ತಲುಪಿದಷ್ಟು ದೂರ ಮಾತ್ರ ಇದರ ಕೆಲಸ. ಕೆಂಪು ಬೆಳಕು ಮಾಂಸದೊಳಗೆ ಹೋಗುವುದು ಕೆಲವೇ ಮಿಲಿಮೀಟರ್. ರಕ್ತಕ್ಕೆ ಏರಿದ ಸೋಂಕಿಗೆ ಇದು ಉತ್ತರ ಅಲ್ಲ. ಆಳದ ಮೂಳೆಗೆ ಬೆಳಕಿನ ತಂತಿ ಒಳಗಿಳಿಸಬೇಕು. ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ತರಹದ 'ಗ್ರಾಂ ನೆಗೆಟಿವ್' ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಅವು ಸ್ಟಫೈಲೊಕಾಕಸ್‌ಗಿಂತ ಗಟ್ಟಿ, ಬಣ್ಣದ ಆಯ್ಕೆ, ಪ್ರಮಾಣ ಎಲ್ಲ ನೋಡಿಕೊಳ್ಳಬೇಕು. ಹಳೇ ಹುಣ್ಣಿನ ಮೇಲೆ ಬ್ಯಾಕ್ಟೀರಿಯಾ ಕಟ್ಟಿಕೊಳ್ಳುವ ಲೋಳೆಯ ಪದರವೂ ಅಡ್ಡ ಬರುತ್ತದೆ. ಪ್ರಮಾಣ ತಪ್ಪಿದರೆ ನಮ್ಮದೇ ಜೀವಕೋಶಕ್ಕೂ ಪೆಟ್ಟು. ಹಾಗಾಗಿ ಇದನ್ನು ಓದುತ್ತಿರುವ ಯಾರೂ ದಯವಿಟ್ಟು ಮೀನಿನ ತೊಟ್ಟಿಗೆ ಹಾಕುವ ಮಿಥಿಲೀನ್ ಬ್ಲೂ ತಂದು ಹುಣ್ಣಿಗೆ ಹಚ್ಚಿಕೊಂಡು ಬಿಸಿಲಿಗೆ ಕೂರಬೇಡಿ. ಅರಿಶಿನ ಹಚ್ಚಿಕೊಂಡೂ ಕೂರಬೇಡಿ. ಅಪ್ಪನ ಕಾಲು ಹಾಳಾಗಿದ್ದು ಇಂಥ ಸ್ವಂತ ಔಷಧಿಯಿಂದಲೇ ಶುರುವಾಗಿ.

ಹಾಗಾದರೆ ನಿಮ್ಮನ್ನೇ ಯಾಕೆ ಕೇಳುತ್ತಿದ್ದೇನೆ? ರೋಗಿಗಳು ಇರುವುದು ನಿಮ್ಮಲ್ಲಿ. ಮಳವಳ್ಳಿಯಿಂದ, ಕೆ.ಆರ್.ಪೇಟೆಯಿಂದ, ಎಚ್.ಡಿ.ಕೋಟೆಯಿಂದ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತುವವರು ಕೊನೆಗೆ ಬಂದು ಸೇರುವುದು ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ಗೆ. ಸರ್ಜರಿ ವಿಭಾಗ ಇದೆ, ಮೈಕ್ರೊಬಯಾಲಜಿ ವಿಭಾಗ ಇದೆ, ಎಥಿಕ್ಸ್ ಕಮಿಟಿ ಇದೆ, ವಿಷಯ ಹುಡುಕುವ ಪಿಜಿ ವಿದ್ಯಾರ್ಥಿಗಳಿದ್ದಾರೆ. ಬಣ್ಣ ಹಳೆಯದು, ಯಾರ ಪೇಟೆಂಟಿನ ಹಂಗೂ ಇಲ್ಲ. 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ನೇರವಾಗಿ ಔಷಧಿ ನಿರೋಧದಿಂದಲೇ ಸತ್ತರು ಅಂತ ಅಂದಾಜು, ಅದರಲ್ಲಿ ನಮ್ಮ ದೇಶದ ಪಾಲು ಸುಮಾರು 3 ಲಕ್ಷ. ಕಾನೂನು ಬಂದಿಲ್ಲ ಅಂತಲ್ಲ. ಪ್ರಬಲ ಆಂಟಿಬಯೋಟಿಕ್‌ಗಳನ್ನು ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡೇ ಕೊಡಬೇಕು ಅನ್ನುವ ಎಚ್1 ನಿಯಮ 2014ರಿಂದ ಇದೆ, ಕೋಳಿ ಮೇವಿಗೆ ಕೊಲಿಸ್ಟಿನ್ ಹಾಕುವುದನ್ನು 2019ರಲ್ಲಿ ನಿಲ್ಲಿಸಿದರು. ಇವು ಮುಂದೆ ಬೆಳೆಯುವ ನಿರೋಧವನ್ನು ತಡೆಯುವ ಕೆಲಸ. ಇವತ್ತು ಹಾಸಿಗೆ ಮೇಲೆ ಇರುವವರ ಕಾಲಿಗೆ ಬೇರೆ ಏನಾದರೂ ಬೇಕು.

ಪರೀಕ್ಷೆ ಹೇಗಿರಬೇಕು ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ನನ್ನ ಆಸೆ ಇಷ್ಟು. ಯಾರ ಆಂಟಿಬಯೋಟಿಕನ್ನೂ ನಿಲ್ಲಿಸಬೇಡಿ. ಎಲ್ಲರಿಗೂ ಈಗ ಸಿಗುವ ಚಿಕಿತ್ಸೆ ಸಿಗಲಿ, ಅರ್ಧ ಜನಕ್ಕೆ ಡ್ರೆಸ್ಸಿಂಗ್ ಸಮಯದಲ್ಲಿ ಬಣ್ಣ ಮತ್ತು ಬೆಳಕು ಹೆಚ್ಚಿಗೆ ಸಿಗಲಿ, ಯಾರಿಗೆ ಅನ್ನುವುದು ಚೀಟಿ ಎತ್ತಿ ತೀರ್ಮಾನ ಆಗಲಿ. ಪ್ರತಿ ಸಲ ಬೆಳಕಿಗೆ ಮೊದಲು ಮತ್ತು ಆಮೇಲೆ ಸ್ವಾಬ್ ತೆಗೆದು ಬ್ಯಾಕ್ಟೀರಿಯಾ ಎಣಿಸಿ. ಆರು ತಿಂಗಳು ಬಿಟ್ಟು ಎಷ್ಟು ಕಾಲು ಉಳಿದವು ಅಂತ ಎಣಿಸಿ. ಇಂಥ ಪರೀಕ್ಷೆಗಳ ರಾಷ್ಟ್ರೀಯ ರಿಜಿಸ್ಟ್ರಿಯಲ್ಲಿ ಮೊದಲೇ ದಾಖಲು ಮಾಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅದೂ ಅಪ್ಪನಂಥವರಿಗೆ ಓದಿ ಹೇಳುವಂಥ ಕನ್ನಡದಲ್ಲಿ. ನಾವು ಹೆಬ್ಬೆಟ್ಟು ಒತ್ತಿದ ಎಷ್ಟೋ ಕಾಗದದಲ್ಲಿ ಏನಿತ್ತು ಅಂತ ನನಗೇ ಇವತ್ತಿಗೂ ಗೊತ್ತಿಲ್ಲ. ಬಂದು ಹೋಗುವ ಬಸ್ ಚಾರ್ಜು, ಆ ದಿನದ ಕೂಲಿ ಎರಡನ್ನೂ ಕೊಡಿ. ಅದು ಕೊಡದಿದ್ದರೆ ನಾಲ್ಕನೇ ಡ್ರೆಸ್ಸಿಂಗಿಗೆ ಜನ ಬರುವುದಿಲ್ಲ, ಬರದೇ ಇರುವುದಕ್ಕೆ ಅವರನ್ನು ಬೈಯಲೂ ಆಗುವುದಿಲ್ಲ. ಕೊನೆಗೆ ಇದು ಕೆಲಸ ಮಾಡಲಿಲ್ಲ ಅಂತ ಗೊತ್ತಾದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ. ನನಗೆ ಬೇಸರ ಆಗುತ್ತದೆ, ಆದರೆ ನಂಬುತ್ತೇನೆ.

ಜೊತೆಗೆ ಇನ್ನೊಂದು. ನಿಮ್ಮ ಲ್ಯಾಬುಗಳಲ್ಲಿ ಯಾವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತಿಲ್ಲ ಅನ್ನುವ ವರ್ಷದ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ. ತಾಲ್ಲೂಕಿನ ಡಾಕ್ಟರುಗಳು ಈಗ ಅಂದಾಜಿನಲ್ಲೇ ಔಷಧಿ ಬರೆಯುತ್ತಿದ್ದಾರೆ, ಅವರಿಗೊಂದು ದಾರಿ ಆಗುತ್ತದೆ.

ಈ ಮಂಗಳವಾರ ನನ್ನ ಬೆಂಚಿಗೆ ಮತ್ತೊಂದು ಕಾಲಿನ ಕೀವು ಬಂತು. ರೋಗಿಯ ಮಗ ತಂದುಕೊಟ್ಟ, ಇಪ್ಪತ್ತರ ಹುಡುಗ, ಚಪ್ಪಲಿಗೆ ಇನ್ನೂ ಗದ್ದೆ ಮಣ್ಣು ಅಂಟಿತ್ತು. ಶುಕ್ರವಾರ ಬೆಳಿಗ್ಗೆ ಪ್ಲೇಟ್ ತೆಗೆದಾಗ ಉಂಗುರ ಕಂಡದ್ದು ಒಂದೇ ಬಿಲ್ಲೆಯ ಸುತ್ತ, ಅದೂ ತೆಳ್ಳಗೆ. ರಿಪೋರ್ಟ್ ಕೈಗೆ ಕೊಟ್ಟಾಗ ಅವನು 'ಅಕ್ಕಾ, ಇದಕ್ಕೆ ಈಗ ಎಲ್ಲಿಗೆ ಹೋಗಬೇಕು?' ಅಂತ ಕೇಳಿದ. ಡಾಕ್ಟರಿಗೆ ಬೇಗ ತೋರಿಸು, ಶುಗರ್ ಕಂಟ್ರೋಲ್ ಮಾಡಿಸು, ಕಾಲಿನ ಮೇಲೆ ಭಾರ ಹಾಕಲು ಬಿಡಬೇಡ ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಪರೀಕ್ಷೆ ಶುರುವಾದರೆ, ಸ್ವಾಬ್ ಎಣಿಸುವುದಕ್ಕೆ ಕೈ ಬೇಕಾದರೆ, ಭಾನುವಾರ ನನಗೆ ರಜೆ, ಸಂಬಳ ಇಲ್ಲದೆ ಬಂದು ಮಾಡುತ್ತೇನೆ. ಅದಕ್ಕೆ ಮೊದಲು ಒಂದು ಉತ್ತರ ಕೊಡಿ ಸಾರ್: ಮುಂದಿನ ಸಲ ಅಂಥ ಹುಡುಗ ಬಂದು ಕೇಳಿದಾಗ ಅವನನ್ನು ಯಾವ ವಾರ್ಡಿಗೆ ಕಳಿಸಲಿ?

ಇತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಲ್ಯಾಬ್ ಟೆಕ್ನಿಷಿಯನ್